ಪೊಡಿಯಾಟ್ರಿ ಶಿಕ್ಷಣ: ಪ್ರವೇಶಕ್ಕೆ ಮುನ್ನ ಪದವಿಯ ಪ್ರಶ್ನೆ

ಪಾದ ಮತ್ತು ಪಾದದ ಕೀಲಿನ ರೋಗಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ವಿದ್ಯೆ ಪೊಡಿಯಾಟ್ರಿ. ಆಣಿ, ಮಾಂಸದೊಳಕ್ಕೆ ಬೆಳೆದ ಉಗುರು, ಹಿಮ್ಮಡಿ ನೋವು ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಆದರೆ ಕರ್ನಾಟಕದಲ್ಲಿ ಇದರ ಮುಖ್ಯ ಕೆಲಸ ಸಕ್ಕರೆ ಕಾಯಿಲೆಯವರ ಕಾಲು ಉಳಿಸುವುದು. ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ ಈ ವೃತ್ತಿಗೆ ಮನಸ್ಸು ಮಾಡಿದರೆ ಮೊದಲು ಎದುರಾಗುವುದು ಪದವಿಯ ಪ್ರಶ್ನೆ: ಇಲ್ಲೊಂದು ಡಿಗ್ರಿ ಮುಗಿಸಿಯೇ ಅರ್ಜಿ ಹಾಕಬೇಕೆ? ಎಲ್ಲಿ ಓದುವುದು, ಎಲ್ಲಿ ದುಡಿಯುವುದು ಎಂಬುದು ಗೊತ್ತಾಗದೆ ಇದಕ್ಕೆ ಉತ್ತರವಿಲ್ಲ.

ಹಿನ್ನೆಲೆ

ದಕ್ಷಿಣ ಭಾರತದಲ್ಲಿ ಪಾದದ ಆರೈಕೆ ಶಾಸ್ತ್ರವಾಗಿ ಬೆಳೆದದ್ದು ಸಕ್ಕರೆ ಕಾಯಿಲೆಯಿಂದಲ್ಲ, ಕುಷ್ಠರೋಗದಿಂದ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಮಾಂಸ ತಾನಾಗಿ ಕೊಳೆತು ಉದುರುತ್ತದೆ ಎಂಬ ನಂಬಿಕೆ ಆಗ ವೈದ್ಯರಲ್ಲೂ ಇತ್ತು. ಬ್ರ್ಯಾಂಡ್ ಮತ್ತು ಸಂಗಡಿಗರು ಕಂಡುಕೊಂಡದ್ದು ಬೇರೆ. ಅಂಗಾಲಿನ ಹುಣ್ಣಿಗೆ ಕಾರಣ ಸ್ಪರ್ಶಜ್ಞಾನ ಹೋದದ್ದು. ನೋವು ತಿಳಿಯದವನು ಒಂದೇ ಜಾಗದ ಮೇಲೆ ಸಾವಿರಾರು ಹೆಜ್ಜೆ ಭಾರ ಹಾಕುತ್ತಾನೆ, ಕುಂಟುವುದಿಲ್ಲ, ಹಾಗಾಗಿ ಗಾಯ ಮಾಯುವುದಿಲ್ಲ. ಮದ್ದಿನಷ್ಟೇ ಚಪ್ಪಲಿಯೂ ಮುಖ್ಯವಾದದ್ದು ಇಲ್ಲಿಂದ. ಮೈಕ್ರೊಸೆಲ್ಯುಲರ್ ರಬ್ಬರಿನ, ರೋಗಿಗಳ ಬಾಯಲ್ಲಿ ಎಂಸಿಆರ್ ಎನಿಸಿಕೊಂಡ, ಮೆತ್ತನೆಯ ಅಟ್ಟೆ ಬಳಕೆಗೆ ಬಂತು. ಹೆಬ್ಬೆರಳಿನಿಂದ ಒತ್ತಿದರೆ ಅದು ತಗ್ಗಬೇಕು, ಬಿಟ್ಟೊಡನೆ ಮೊದಲಿನಂತಾಗಬೇಕು. ಅದಕ್ಕೆ ಮೊಳೆ ಹೊಡೆಯುವಂತಿಲ್ಲ, ಅಂಟಿಸಬೇಕು ಇಲ್ಲವೇ ಹೊಲಿಯಬೇಕು. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಏಕೆಂದರೆ ಮರಗಟ್ಟಿದ ಕಾಲಿನಿಂದ ಚಪ್ಪಲಿ ಜಾರಿದರೂ ತಿಳಿಯದು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಕುಷ್ಠರೋಗ ಪುನರ್ವಸತಿ ಕೇಂದ್ರದ ಚರ್ಮದ ಕೆಲಸವನ್ನೂ ಈ ಪರಂಪರೆಯ ಪಕ್ಕದಲ್ಲೇ ಇಟ್ಟು ನೋಡಬೇಕು.

ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯಲ್ಲೂ ಪಾದದ ಸ್ಪರ್ಶಜ್ಞಾನ ಹೋಗುವುದರಿಂದ, ಕುಷ್ಠಕ್ಕೆ ಕಲಿತದ್ದು ಅಲ್ಲಿ ಆ ಕಾಯಿಲೆಯ ಪಾದಕ್ಕೂ ಅನ್ವಯವಾಯಿತು. ಕಾಲಿಗೆ ಮೈಗಂಟಿದಂತೆ ಪ್ಲಾಸ್ಟರ್ ಹಾಕಿ ಭಾರವನ್ನು ಅಂಗಾಲಿನ ತುಂಬ ಹಂಚುವ ವಿಧಾನ ಅಮೆರಿಕದಲ್ಲಿ ಹರಡುವುದಕ್ಕೂ ಅವರೇ ಮುಖ್ಯ ಕಾರಣರು. ಇಂದು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಕಣ್ಣು ಮುಚ್ಚಿದ ರೋಗಿಯ ಹೆಬ್ಬೆರಳಿನ ಬುಡಕ್ಕೆ ತಾಗಿಸಿ, ‘ಹೂಂ’ ಅನ್ನುತ್ತಾರೋ ಇಲ್ಲವೋ ಎಂದು ಕಾಯುವ ಪರೀಕ್ಷೆಯನ್ನು ಎರಡೂ ಕಾಯಿಲೆಗಳಲ್ಲಿ ಮಾಡುತ್ತಾರೆ. ಅಮೆರಿಕಕ್ಕೆ ಓದಲು ಹೊರಟ ಬೆಂಗಳೂರಿನ ವಿದ್ಯಾರ್ಥಿ ಅಲ್ಲಿ ಕಲಿಯುವ ವಿದ್ಯೆಯ ಒಂದು ಭಾಗ ವೆಲ್ಲೂರಿನಿಂದಲೇ ಹೋದದ್ದು.

ಅಮೆರಿಕದ ನಿಯಮ

ಅಮೆರಿಕದಲ್ಲಿ ಡಿಪಿಎಂ (ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್) ನಾಲ್ಕು ವರ್ಷದ ವೃತ್ತಿಪದವಿ. ಅದಾದ ಮೇಲೆ ಸಾಮಾನ್ಯವಾಗಿ ಮೂರು ವರ್ಷದ ರೆಸಿಡೆನ್ಸಿ ಇರುತ್ತದೆ. ಪ್ರವೇಶಕ್ಕೆ ರೂಢಿಯ ಕನಿಷ್ಠ ಅರ್ಹತೆ 90 ಸೆಮಿಸ್ಟರ್ ಕ್ರೆಡಿಟ್, ಅಂದರೆ ಅಲ್ಲಿನ ಲೆಕ್ಕದಲ್ಲಿ ಮೂರು ವರ್ಷದ ಕಾಲೇಜು. ನಿಯಮದ ಮಟ್ಟಿಗೆ ಪದವಿ ಮುಗಿದಿರಲೇಬೇಕೆಂದಿಲ್ಲ. ಆದರೆ ಸೀಟು ಪಡೆಯುವವರಲ್ಲಿ ಬಹುಪಾಲು ಪದವೀಧರರೇ. ವೈದ್ಯಕೀಯ ಕಾಲೇಜು ಪ್ರವೇಶದ ಎಂಕ್ಯಾಟ್ ಪರೀಕ್ಷೆಯ ಅಂಕವನ್ನೂ ನೋಡುತ್ತಾರೆ.

ಈ ರಿಯಾಯಿತಿಯನ್ನು ನಂಬಿ ಇಲ್ಲಿಯ ವಿದ್ಯಾರ್ಥಿ ಬಿಎಸ್ಸಿ ಅರ್ಧಕ್ಕೆ ಬಿಡುವುದು ಸರಿಯಲ್ಲ ಎಂಬುದು ಈ ಲೇಖನದ ಖಚಿತ ಅಭಿಪ್ರಾಯ. ಆ ರಿಯಾಯಿತಿ ಅಲ್ಲಿನ ನಾಲ್ಕು ವರ್ಷದ ಪದವಿಯ ಮೂರನೆಯ ವರ್ಷದಲ್ಲಿರುವವರನ್ನು ಗಮನದಲ್ಲಿಟ್ಟು ಮಾಡಿದ ಏರ್ಪಾಡು. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ಹಾಗಾಗಿ ಇಲ್ಲಿ ಪೂರ್ತಿ ಮುಗಿಸಿದ ಪದವಿಯೇ ಹೆಚ್ಚುಕಡಿಮೆ ಆ 90 ಕ್ರೆಡಿಟ್‌ಗೆ ಹತ್ತಿರ. ಎರಡು ವರ್ಷಕ್ಕೆ ಬಿಟ್ಟವರು ಅಷ್ಟಕ್ಕೂ ಮುಟ್ಟುವುದು ಕಷ್ಟ. ವೀಸಾ ತಪ್ಪಿದರೆ ಕೈಯಲ್ಲಿ ಡಿಗ್ರಿಯೂ ಇರುವುದಿಲ್ಲ.

ವಿಷಯಗಳ ಆಯ್ಕೆಯಲ್ಲಿ ಇನ್ನೊಂದು ತೊಡಕಿದೆ. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಈ ಪ್ರತಿಯೊಂದರಲ್ಲೂ ಪ್ರಯೋಗಸಹಿತ ಎಂಟು ಕ್ರೆಡಿಟ್ ಕೇಳುವುದು ವಾಡಿಕೆ, ಇಂಗ್ಲಿಷಿನಲ್ಲಿ ಆರು. ಜೀವವಿಜ್ಞಾನದ ಕಡೆ ಹೋಗುವವರು ನೆಚ್ಚುವ ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಕಾಂಬಿನೇಷನ್‌ನಲ್ಲಿ ಭೌತಶಾಸ್ತ್ರವೇ ಇಲ್ಲ. ಪಿಯುಸಿಯ ಫಿಸಿಕ್ಸ್ ಕಾಲೇಜು ಕ್ರೆಡಿಟ್ ಎನಿಸಿಕೊಳ್ಳದು. ಮಾರ್ಕ್ಸ್ ಕಾರ್ಡಿನಲ್ಲಿ ಬರಿದೇ ‘ಕೆಮಿಸ್ಟ್ರಿ’ ಎಂದಿದ್ದರೆ ಅದರೊಳಗೆ ಸಾವಯವದ ಪಾಲೆಷ್ಟು ಎಂದು ತೋರಿಸಲು ಸಿಲಬಸ್ ಪ್ರತಿ ಬೇಕಾಗುತ್ತದೆ. ಇವನ್ನು ಡಿಗ್ರಿಗೆ ಸೇರುವಾಗಲೇ ನೋಡಿಕೊಳ್ಳಬೇಕು.

ಇತರ ದೇಶಗಳು

ಬ್ರಿಟನ್ನಿನಲ್ಲಿ ಪೊಡಿಯಾಟ್ರಿಯೇ ಮೊದಲ ಪದವಿ. ಇಂಗ್ಲೆಂಡಿನಲ್ಲಿ ಅದು ಮೂರು ವರ್ಷದ್ದು. ಈಗಾಗಲೇ ಪದವಿ ಇರುವವರಿಗೆ ಎರಡು ವರ್ಷದ ಸ್ನಾತಕೋತ್ತರ ದಾರಿಯೂ ಇದೆ. ಆಸ್ಟ್ರೇಲಿಯಾದಲ್ಲೂ ಹನ್ನೆರಡನೆಯ ತರಗತಿಯ ನಂತರ ಸೇರಬಹುದು. ಈ ದೇಶಗಳಿಗೆ ಹೋಗುವವರು ಮೊದಲು ಬಿಎಸ್ಸಿ ಮಾಡಿದರೆ ಅಷ್ಟು ವರ್ಷ ತಡವಾಗುತ್ತದೆ. ಕೆನಡಾದ ಟೊರಾಂಟೊದಲ್ಲಿ ಮಿಚೆನರ್ ಸಂಸ್ಥೆಯ ಕೈರೊಪಡಿ (ಪೊಡಿಯಾಟ್ರಿಯಂಥದೇ ಪಾದ ಚಿಕಿತ್ಸೆಯ) ಕೋರ್ಸಿಗೆ ಮಾತ್ರ ಪದವಿ ಬೇಕೇ ಬೇಕು.

ಕರ್ನಾಟಕದಲ್ಲಿ

ಇಲ್ಲಿ ಪದವಿಯೇ ಹೆಬ್ಬಾಗಿಲು. ಬೆಂಗಳೂರಿನ ಪಾದ ಚಿಕಿತ್ಸಾ ವಿಭಾಗಗಳಲ್ಲಿ ಇರುವವರು ಹೆಚ್ಚಾಗಿ ಶಸ್ತ್ರವೈದ್ಯರು, ಫಿಸಿಯೊಥೆರಪಿ ಓದಿದವರು, ಕೃತಕ ಅವಯವ ಮತ್ತು ಆಧಾರಪಟ್ಟಿಗಳ ತಂತ್ರಜ್ಞರು, ಗಾಯದ ಡ್ರೆಸ್ಸಿಂಗ್‌ನಲ್ಲಿ ಪಳಗಿದ ನರ್ಸ್‌ಗಳು. ಸರ್ಕಾರಿ ವಲಯದಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್, ಖಾಸಗಿ ವಲಯದಲ್ಲಿ ವಸಂತನಗರದ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಯ ರಕ್ತನಾಳ ಕೇಂದ್ರ ಈ ಕೆಲಸಕ್ಕೆ ಹೆಸರಾಗಿವೆ. ಆಧಾರಪಟ್ಟಿಗಳ ಪದವಿಗೆ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಇದೆ. ಉತ್ತರ ಬೆಂಗಳೂರಿನವರಿಗೆ ಇವೆಲ್ಲ ಊರಿನ ಆಚೆ ತುದಿ ಅಥವಾ ನಡುಭಾಗ. ಹತ್ತಿರದಲ್ಲಿ ಯಶವಂತಪುರದ ಪಕ್ಕದ ರಾಮಯ್ಯ ಸಂಸ್ಥೆಗಳು, ಹೆಬ್ಬಾಳದಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆ ಇವೆ. ಸೇರುವ ಮುನ್ನ ಇಂಥ ಕಡೆ ಅನುಮತಿ ಪಡೆದು ಕೆಲವು ದಿನ ಡ್ರೆಸ್ಸಿಂಗ್ ಕೋಣೆಯಲ್ಲಿ ನಿಂತು ನೋಡುವುದು ಒಳ್ಳೆಯದು. ಕೀವಿನ ವಾಸನೆ ತಡೆಯಲಾರದವರಿಗೆ ಈ ವೃತ್ತಿ ಹಿಡಿಸದು.

ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯಿದೆಯ ಅನುಸೂಚಿಯಲ್ಲಿ ಪೊಡಿಯಾಟ್ರಿಸ್ಟ್ ಹೆಸರಿದೆ. ಆದರೆ ಅಮೆರಿಕದ ಡಿಪಿಎಂ ಎಂಬಿಬಿಎಸ್‌ಗೆ ಸಮವಲ್ಲ. ಅದೊಂದನ್ನೇ ಹಿಡಿದು ಮರಳಿದವರು ಇಲ್ಲಿ ವೈದ್ಯರೆಂದು ನೋಂದಾಯಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಊರಿಗೆ ಮರಳಿ ಕಾಲು ಉಳಿಸುವ ಶಸ್ತ್ರಚಿಕಿತ್ಸೆಯನ್ನೇ ಮಾಡಬೇಕೆಂದಿರುವವರು ನೀಟ್ ಬರೆದು ಎಂಬಿಬಿಎಸ್, ಮುಂದೆ ಎಂಎಸ್ ಎಂಬ ದೀರ್ಘ ದಾರಿಯನ್ನೇ ಹಿಡಿಯಬೇಕಾಗುತ್ತದೆ.