ಬೆಟ್ಟದ ನಾಡಿನ ಸಾಮಾನ್ಯ ಸ್ಮಾರಕಗಳು

ಐತಿಹಾಸಿಕ ಸ್ಮಾರಕ ಎಂದೊಡನೆ ಕೋಟೆ, ಅರಮನೆ, ದೇಗುಲಗಳ ಚಿತ್ರ ಕಣ್ಣೆದುರು ಬರುತ್ತದೆ. ಇವು ಯಾವುವೂ ಇಲ್ಲದ ನಾಡಿಗೆ ಕಾಪಾಡಿಕೊಳ್ಳಬೇಕಾದ ಇತಿಹಾಸವೇ ಇಲ್ಲವೆ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪೊಕಹಾಂಟಸ್ ಕೌಂಟಿ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಅಪಲಾಚಿಯನ್ ಪರ್ವತಗಳ ನಡುವೆ ಸುಮಾರು 2,400 ಚದರ ಕಿ.ಮೀ. ಹರಡಿರುವ ಇಲ್ಲಿ 2020ರ ಜನಗಣತಿಯಂತೆ ಎಂಟು ಸಾವಿರ ಜನರೂ ಇರಲಿಲ್ಲ. ಆದರೂ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇಲ್ಲಿನ ಹಲವು ತಾಣಗಳಿಗೆ ಸ್ಥಾನ ದೊರೆತಿದೆ.

ಅವುಗಳಲ್ಲೊಂದು ಡ್ರೂಪ್ ಬೆಟ್ಟದ ರಣರಂಗ. ಅಂತರ್ಯುದ್ಧದ ಕಾಲದಲ್ಲಿ ವರ್ಜೀನಿಯಾದಿಂದ ಬೇರ್ಪಟ್ಟ ವೆಸ್ಟ್ ವರ್ಜೀನಿಯಾ 1863ರ ಜೂನ್‌ನಲ್ಲಿ ಪ್ರತ್ಯೇಕ ರಾಜ್ಯವಾಯಿತು. ಅದೇ ವರ್ಷ ನವೆಂಬರ್ 6ರಂದು ಒಕ್ಕೂಟದ ಸೇನೆ ಈ ಬೆಟ್ಟದಲ್ಲಿ ದಕ್ಷಿಣದವರನ್ನು ಸೋಲಿಸಿತು. 1928ರಲ್ಲಿ ಈ ರಣರಂಗವೇ ರಾಜ್ಯದ ಮೊದಲ ಉದ್ಯಾನವಾಯಿತು.

ಬೆಟ್ಟದಿಂದ ಕೆಲವೇ ಮೈಲಿ ದೂರದ ಹಿಲ್ಸ್‌ಬರೋದಲ್ಲಿ ಒಂದು ಬಿಳಿಯ ಮನೆಯಿದೆ. ಚೀನಾದಲ್ಲಿ ಧರ್ಮಪ್ರಚಾರಕರಾಗಿದ್ದ ದಂಪತಿ ರಜೆಯ ಮೇಲೆ ಬಂದಿದ್ದಾಗ, ತಾಯಿಯ ತವರಾದ ಈ ಮನೆಯಲ್ಲಿ 1892ರ ಜೂನ್ 26ರಂದು ಮಗಳೊಬ್ಬಳು ಹುಟ್ಟಿದಳು. ಕೆಲವೇ ತಿಂಗಳ ಕೂಸಾಗಿ ಚೀನಾಕ್ಕೆ ಹೋದ ಆಕೆಯೇ 1938ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಪರ್ಲ್ ಬಕ್.

ಕ್ಯಾಸ್ ಊರಿನ ಕಥೆ ಬೇರೆ. 1901ರ ಸುಮಾರಿಗೆ ಕಾಗದದ ಕಂಪನಿಯೊಂದು ಮರ ಕಡಿಯುವವರಿಗಾಗಿಯೇ ಕಟ್ಟಿಸಿದ ಊರಿದು. ಸಾಲು ಸಾಲಾಗಿ ಒಂದೇ ಅಚ್ಚಿನ ಬಿಳಿಯ ಮರದ ಮನೆಗಳು. ದಿನಸಿ ಬೇಕಾದರೆ ಕಂಪನಿಯದೇ ಅಂಗಡಿ. ಕಡಿದಾದ ಬೆಟ್ಟದಿಂದ ದಿಮ್ಮಿಗಳನ್ನು ಇಳಿಸಲು 'ಶೇ' ಎಂಬ ಗೇರು ಚಾಲಿತ ಉಗಿಬಂಡಿಗಳಿದ್ದವು. 1960ರಲ್ಲಿ ಮಿಲ್ಲು ಮುಚ್ಚಿದಾಗ ಹಳಿಗಳು ಗುಜರಿ ಸೇರುವುದರಲ್ಲಿದ್ದವು. ರೈಲುಪ್ರಿಯರ ಒತ್ತಾಯಕ್ಕೆ ಮಣಿದು ರಾಜ್ಯ ಸರ್ಕಾರ ಅವನ್ನು ಕೊಂಡಿತು. 1963ರಲ್ಲಿ ದಿಮ್ಮಿಗಳ ಜಾಗದಲ್ಲಿ ಪ್ರವಾಸಿಗರು ಬೆಟ್ಟ ಹತ್ತತೊಡಗಿದರು. 1977ರಲ್ಲಿ ಊರೂ ಸರ್ಕಾರದ ಪಾಲಾಯಿತು.

ಕೌಂಟಿಯ ಮತ್ತೊಂದು ಸ್ಮಾರಕ ಗ್ರೀನ್ ಬ್ಯಾಂಕ್‌ನಲ್ಲಿರುವ ರೇಡಿಯೊ ದೂರದರ್ಶಕ. ಗ್ರೋಟ್ ರೀಬರ್ 1937ರಲ್ಲಿ ಇಲಿನಾಯ್ ರಾಜ್ಯದ ತನ್ನ ಮನೆಯ ಹಿತ್ತಲಲ್ಲಿ ಇದನ್ನು ನಿರ್ಮಿಸಿ, ಆಕಾಶದಿಂದ ಬರುವ ರೇಡಿಯೊ ಅಲೆಗಳ ನಕ್ಷೆ ತಯಾರಿಸಿದ. ಮುಂದೆ ಗ್ರೀನ್ ಬ್ಯಾಂಕ್‌ನಲ್ಲಿ ವೀಕ್ಷಣಾಲಯ ಆರಂಭವಾದಾಗ ಉಪಕರಣವನ್ನು ಇಲ್ಲಿಗೆ ತಂದು ಜೋಡಿಸಲಾಯಿತು. ಸುತ್ತಲಿನ ಬೆಟ್ಟಗಳು ಹೊರಗಿನ ರೇಡಿಯೊ ಗದ್ದಲವನ್ನು ತಡೆಯುವುದೇ ಈ ಜಾಗದ ಹೆಚ್ಚುಗಾರಿಕೆ. ಅದನ್ನು ಉಳಿಸಿಕೊಳ್ಳಲು 1958ರಲ್ಲಿ ಸುಮಾರು 13,000 ಚದರ ಮೈಲಿಗಳ 'ನಿಶ್ಶಬ್ದ ವಲಯ'ವನ್ನೂ ಗೊತ್ತುಪಡಿಸಲಾಯಿತು. ಊರುಗಳು ಬೆಳೆಯಲು ಅಡ್ಡಿಯಾದ ಬೆಟ್ಟಗಳೇ ವಿಜ್ಞಾನಕ್ಕೆ ನೆರವಾದವು.

ಇಷ್ಟಾದರೂ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಉಳಿಯುತ್ತದೆಂಬ ಭರವಸೆಯಿಲ್ಲ. 1966ರ ಕಾಯಿದೆಯಡಿ ರೂಪುಗೊಂಡ ಈ ಪಟ್ಟಿ ಮುಖ್ಯವಾಗಿ ಗೌರವ ಸೂಚಕ. ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿ ಇರುವ ಕಾಮಗಾರಿಯಿಂದ ಸ್ಮಾರಕಕ್ಕೆ ಧಕ್ಕೆಯಾದೀತೆ ಎಂದು ಮೊದಲೇ ಪರಿಶೀಲಿಸಬೇಕು. ಆದರೆ ಖಾಸಗಿ ಮಾಲೀಕ ಸ್ವಂತ ಖರ್ಚಿನಲ್ಲಿ ಮನೆ ಕೆಡವಲು ಹೊರಟರೆ ಪಟ್ಟಿ ತಡೆಯಲಾರದು.

ಕ್ಯಾಸ್‌ನಲ್ಲಿ ಇದರ ಪಾಠ ಕಣ್ಣಿಗೆ ಕಾಣುತ್ತದೆ. ಹಳಿಗಳಿಗೆ ಹೊಸ ಕೆಲಸ ಸಿಕ್ಕಿತು. ಕಾರ್ಮಿಕರ ಮನೆಗಳು ದುರಸ್ತಿಗೊಂಡು ಪ್ರವಾಸಿಗರ ತಂಗುದಾಣಗಳಾದವು. ಎರಡೂ ಉಳಿದವು. ಊರಿನ ಹುಟ್ಟಿಗೆ ಕಾರಣವಾದ ಮಿಲ್ಲು ಮಾತ್ರ ಕೆಲಸವಿಲ್ಲದೆ ಪಾಳುಬಿದ್ದು ಬೆಂಕಿಗೆ ಆಹುತಿಯಾಯಿತು. ಹಳೆಯದನ್ನು ಗುರುತಿಸಿ ಫಲಕ ಹಾಕುವುದು ಮೊದಲ ಹೆಜ್ಜೆಯಷ್ಟೆ. ಅದಕ್ಕೊಂದು ಉಪಯೋಗ ಹುಡುಕುವುದು ಇನ್ನೂ ಕಷ್ಟದ, ಆದರೆ ಬಿಡಲಾಗದ ಕೆಲಸ.