ಯಂತ್ರದ ಪಕ್ಕವಾದ್ಯ

ರಾಜ್ಯೋತ್ಸವವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ನಮ್ಮ ಕಾಸರಗೋಡು ಪ್ರಾಂತದ ವೇದಿಕೆಗಳ ಮೇಲೆ ಗಾಯಕರು ಒಬ್ಬರೇ ಬಂದು ನಿಲ್ಲುವುದನ್ನು ಈಗ ಕಾಣುತ್ತಿದ್ದೇವೆ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಆದರೂ ವಾದ್ಯಮೇಳವೆಲ್ಲ ಧ್ವನಿವರ್ಧಕದಿಂದ ಹೊರಡುತ್ತದೆ. ಜನರು ಇದನ್ನು ‘ಟ್ರ್ಯಾಕ್’ ಎಂದೂ ‘ಕರೋಕೆ’ ಎಂದೂ ಕರೆಯುವರು. ಇದು ಮೊಬೈಲಿನೊಡನೆ ಹುಟ್ಟಿತೆಂದು ಬಹುಮಂದಿ ಭಾವಿಸಿರುವರು. ವಾಸ್ತವದಲ್ಲಿ ಇದಕ್ಕೆ ಎಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

1950ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕ್ರಾಟ್ಕಾ ಎಂಬವರು ‘ಮ್ಯೂಸಿಕ್ ಮೈನಸ್ ಒನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಒಂದು ವಾದ್ಯವನ್ನು ಬೇಕೆಂದೇ ಬಿಟ್ಟು ಉಳಿದವನ್ನು ನುಡಿಸಿದ ಗ್ರಾಮಫೋನ್ ತಟ್ಟೆಗಳನ್ನು ಹೊರತಂದರು. ಬಿಟ್ಟ ಭಾಗವನ್ನು ಕೊಂಡವನು ತಾನೇ ನುಡಿಸಿ ತುಂಬಬೇಕು. ಅದು ಮನೆಯ ಅಭ್ಯಾಸದ ಸಾಧನ.

ಮನೆಯಿಂದ ನಾಲ್ಕು ಜನರ ನಡುವೆ ಈ ಪದ್ಧತಿ ಬಂದುದು ಜಪಾನಿನಲ್ಲಿ. ಟೋಕಿಯೋದ ಶಿಗೆಯಿಚಿ ನೆಗಿಶಿಯವರು 1967ರಲ್ಲಿಯೇ ಇಂಥ ಯಂತ್ರವೊಂದನ್ನು ಮಾಡಿದ್ದರು. ಆದರೆ ಕೋಬೆ ನಗರದ ದೈಸುಕೆ ಇನೋಯೆಯವರ ಕಥೆ ಹೆಚ್ಚು ಸ್ವಾರಸ್ಯವಾದುದು. ಇವರು ಪಾನಗೃಹಗಳಲ್ಲಿ ಹಾಡಬಯಸುವ ಗಿರಾಕಿಗಳಿಗೆ ವಾದ್ಯ ನುಡಿಸಿ ಜೀವಿಸುತ್ತಿದ್ದವರು. ಗಿರಾಕಿ ತಡವರಿಸಿದರೆ ತಾವೂ ತಡೆಯುವುದು, ಅವನು ಓಡಿದರೆ ತಾವೂ ಓಡುವುದು, ಅವನ ಮಾನವನ್ನು ಹೇಗಾದರೂ ಕಾಯುವುದು ಅಂಥವರ ವೃತ್ತಿಧರ್ಮ. ಪರಿಚಯದ ಗಿರಾಕಿಯೊಬ್ಬನು ಪ್ರವಾಸಕ್ಕೆ ಜೊತೆಗೆ ಬರಬೇಕೆಂದಾಗ, ಹೋಗಲಾಗದೆ ಇನೋಯೆಯವರು ತಮ್ಮ ವಾದನವನ್ನು ಟೇಪಿನಲ್ಲಿ ಮುದ್ರಿಸಿ ಕೊಟ್ಟರು. ಅಷ್ಟೇ ಸಾಕಾಯಿತು! 1971ರಲ್ಲಿ ಅವರು ಟೇಪು, ಧ್ವನಿವರ್ಧಕ, ನಾಣ್ಯದ ಪೆಟ್ಟಿಗೆ ಇವನ್ನು ಕೂಡಿಸಿದ 11 ಯಂತ್ರಗಳನ್ನು ಮಾಡಿಸಿ ಪಾನಗೃಹಗಳಿಗೆ ಬಾಡಿಗೆಗೆ ಕೊಟ್ಟರು. ‘ಕರ’ ಎಂದರೆ ಬರಿದು, ‘ಓಕೆ’ ಎಂಬುದು ಆರ್ಕೆಸ್ಟ್ರಾ ಶಬ್ದದ ತುಂಡು; ವಾದ್ಯಗಾರರಿಲ್ಲದ ವಾದ್ಯಮೇಳವೆಂದು ಅರ್ಥ. ಯಂತ್ರಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ, ಲೋಕವೆಲ್ಲ ಹಣಗಳಿಸಿತು. 2004ರಲ್ಲಿ ಅವರಿಗೆ ದೊರೆತದ್ದು ಇಗ್ ನೊಬೆಲ್ ಎಂಬ ವಿನೋದದ ಪಾರಿತೋಷಕ: ಜನರು ಪರಸ್ಪರರನ್ನು ಸಹಿಸಲು ಹೊಸ ಮಾರ್ಗ ತೋರಿದ್ದಕ್ಕಾಗಿ!

ಗಿಟಾರು ಹೊತ್ತು ಪಾನಗೃಹದಿಂದ ಪಾನಗೃಹಕ್ಕೆ ಅಲೆಯುತ್ತಿದ್ದ ‘ನಗಶಿ’ ಎಂಬ ವಾದಕರ ಅನ್ನಕ್ಕೆ ಈ ಯಂತ್ರದಿಂದ ಕುಂದು ಬಂದಿತು. ಪಕ್ಕವಾದ್ಯದವನ ಕೈಯಿಂದಲೇ ಹುಟ್ಟಿದ ಯಂತ್ರ ಪಕ್ಕವಾದ್ಯದವರನ್ನೇ ಬದಿಗೊತ್ತಿತು.

ಯಂತ್ರವೆಂದೊಡನೆ ಮುಖ ತಿರುಗಿಸುವವರು ನಾವಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ ಅವರು, ಸ್ವತಃ ಕೊಳಲುವಾದಕರು, 1979ರಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅಂಥ ಪೆಟ್ಟಿಗೆಗಳು ಇಂದು ಸಂಗೀತ ಕಲಿಯುವ ಅನೇಕ ಮನೆಗಳಲ್ಲಿವೆ. ಆದರೆ ಶ್ರುತಿಯು ಆಧಾರವನ್ನು ಮಾತ್ರ ಕೊಡುತ್ತದೆ, ಹಾಡುವವನನ್ನು ಅವಸರಪಡಿಸದು. ಟ್ರ್ಯಾಕಾದರೋ ಪಲ್ಲವಿಯನ್ನು ಎಷ್ಟು ಸಲ ಹಾಡಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿರುತ್ತದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ವೇಷಧಾರಿಯ ಹೆಜ್ಜೆ ನೋಡಿ ಭಾಗವತರು ಪದವನ್ನು ಬೆಳೆಸುವುದನ್ನೂ ಚೆಂಡೆ ಮದ್ದಳೆಗಳು ಅದನ್ನು ಅರಿತು ನಡೆಯುವುದನ್ನೂ ನಾವು ಬಾಲ್ಯದಿಂದ ಕಂಡವರು.

ತಬಲಾದವರು ಸಿಕ್ಕದ ಹಳ್ಳಿಯ ಹುಡುಗಿಯೂ ಟ್ರ್ಯಾಕಿನ ದೆಸೆಯಿಂದ ವೇದಿಕೆಯೇರುತ್ತಾಳೆ. ಈ ಉಪಕಾರ ಸಣ್ಣದಲ್ಲ. ನಮಗೆ ತೋರುವ ಕೊರತೆ ಬೇರೆ. ಟ್ರ್ಯಾಕುಗಳು ಸುಲಭವಾಗಿ ದೊರೆಯುವುದು ಜನಪ್ರಿಯ ಚಿತ್ರಗೀತೆಗಳಿಗೆ. ನಮ್ಮ ಅಜ್ಜಿಯರು ಹಾಡುತ್ತಿದ್ದ ಶೋಭಾನೆಗೆ, ಈ ನೆಲದ ಕವಿಗಳ ಪದ್ಯಗಳಿಗೆ ಯಾರು ಟ್ರ್ಯಾಕ್ ಮಾಡಿಟ್ಟಿದ್ದಾರೆ? ಮಕ್ಕಳು ಈಗ ಮೊದಲು ಟ್ರ್ಯಾಕ್ ಹುಡುಕಿ, ಅದು ಸಿಕ್ಕ ಮೇಲೆ ಹಾಡನ್ನು ಆರಿಸುತ್ತಾರೆ. ಸಿಕ್ಕದ ಹಾಡು ಆ ವರ್ಷ ವೇದಿಕೆಗೆ ಬಾರದು. ಮುಂದಿನ ವರ್ಷ ಅದರ ಮಟ್ಟು ಬಲ್ಲವರು ಮನೆಯಲ್ಲಿ ಇನ್ನೊಬ್ಬರು ಕಡಿಮೆಯಾಗಿರುತ್ತಾರೆ.