ಗಾಲ್ಫ್ ಹಡಗಿನಲ್ಲಿ ಗಾಲ್ಫ್ ಆಡದವನು

ಗಾಲ್ಫ್ ಆಡುವವರಿಗೆಂದೇ ಏರ್ಪಡುವ ಹಡಗು ಪ್ರವಾಸಗಳಿವೆ ಎಂದರೆ ನಮ್ಮ ಕಡೆಯ ಹಿರಿಯರು ನಕ್ಕಾರು. ಆದರೆ ಅವು ಇವೆ. ಬ್ರಿಟಿಷ್ ದ್ವೀಪಗಳ ಸುತ್ತ ಬೇಸಿಗೆಯ ತಿಂಗಳುಗಳಲ್ಲಿ ಸಂಚರಿಸುತ್ತವೆ. ಹಡಗು ರಾತ್ರಿ ಚಲಿಸುತ್ತದೆ, ಬೆಳಗಾಗುವಷ್ಟರಲ್ಲಿ ಯಾವುದೋ ಬಂದರನ್ನು ಸೇರಿರುತ್ತದೆ. ತಿಂಡಿ ಮುಗಿಸಿದ ಆಟಗಾರರು ಬಸ್ಸು ಹತ್ತಿ ಹತ್ತಿರದ ಹೆಸರಾಂತ ಮೈದಾನಕ್ಕೆ ಹೋಗುತ್ತಾರೆ. ಅವರ ಕೋಲುಗಳ ಚೀಲಗಳನ್ನು ಬೇರೆ ಆಳುಗಳೇ ಸಾಗಿಸುತ್ತಾರೆ. ಹದಿನೆಂಟು ಕುಳಿಗಳ ಆಟ ಮುಗಿಸಿ ಸಂಜೆಯ ಊಟಕ್ಕೆ ಮರಳಿ ಬಂದರೆ ಹಡಗು ಮತ್ತೆ ಹೊರಡುತ್ತದೆ. ಇಂಗ್ಲೆಂಡಿನಲ್ಲಿರುವ ನನ್ನ ಅಳಿಯನಿಗೆ ಈ ಆಟದ ಹುಚ್ಚು. ಅವನ ಒತ್ತಾಯದಿಂದ ನಾನೂ ನನ್ನ ಮಗಳೂ ಇಂತಹದೊಂದು ಹಡಗಿನಲ್ಲಿ ಪ್ರಯಾಣಿಸಿದೆವು. ಆ ಹಡಗಿನ ಪಟ್ಟಿಯಲ್ಲಿ ಪ್ರಯಾಣಿಕರು ಎರಡು ಬಗೆ: ಆಡುವವರು ಮತ್ತು ಆಡದ ಜೊತೆಗಾರರು. ಎರಡನೆಯವರು ಮೈದಾನದ ಶುಲ್ಕ ಕೊಡಬೇಕಾಗಿಲ್ಲವಾದ್ದರಿಂದ ಅವರ ದರವೂ ಕಡಿಮೆ. ಮೂವತ್ತಾರು ವರ್ಷ ಇತಿಹಾಸದ ಪಾಠ ಹೇಳಿದವನಾಗಿ ನಾನು ಹೇಳುವುದಾದರೆ, ಲಾಭ ಹೆಚ್ಚಿದ್ದದ್ದು ಈ ಎರಡನೆಯ ವರ್ಗಕ್ಕೇ. ಆಟ ಹುಟ್ಟಿದ ಆ ಕಡಲ ದಂಡೆ ನಮ್ಮ ನಾಡಿಗೆ ಕತ್ತಿ ಹಿಡಿದು ಬಂದವರ ತವರೂ ಹೌದು.

ಹಡಗಿಗೂ ಗಾಲ್ಫಿಗೂ ಇರುವ ನಂಟು ಇಂದಿನದಲ್ಲ. ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲಿಯೇ ಈ ಆಟವನ್ನು ನಿಷೇಧಿಸಿತ್ತು. ಬಿಲ್ಲುವಿದ್ಯೆ ಕಲಿಯಬೇಕಾದ ಯುವಕರು ಚೆಂಡಿನ ಹಿಂದೆ ಹೋಗುತ್ತಿದ್ದಾರೆ ಎಂಬುದು ಆಗಿನ ದೂರು. (ಪರೀಕ್ಷೆಯ ಕಾಲದಲ್ಲಿ ಕ್ರಿಕೆಟ್ಟಿನ ಮೇಲೆ ನಾನು ಹೊರಡಿಸುತ್ತಿದ್ದ ಆಜ್ಞೆಗಳು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಸಂಸತ್ತಿಗೆ ದೊರೆತಷ್ಟೇ ಯಶಸ್ಸು ನನಗೂ ದೊರೆಯಿತು.) ಆಟ ಊರೂರಿಗೆ ಹಬ್ಬಿದರೂ ಬಹುಕಾಲ ಅದು ದುಬಾರಿಯಾಗಿಯೇ ಉಳಿಯಿತು, ಕಾರಣ ಚೆಂಡು. ಹೊಲಿದ ತೊಗಲಿನೊಳಗೆ ಒಂದು ಟೋಪಿಯ ತುಂಬ ಹಿಡಿಯುವಷ್ಟು ಪುಕ್ಕಗಳನ್ನು ತುರುಕಿ ಚೆಂಡು ಮಾಡುತ್ತಿದ್ದರು. ನುರಿತ ಕೈಯೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಲಾಗುತ್ತಿರಲಿಲ್ಲ, ಮಳೆಯಲ್ಲಿ ನೆನೆದರೆ ಅದೂ ಕೆಡುತ್ತಿತ್ತು. 1848ರ ಸುಮಾರಿಗೆ ಗಟಾಪರ್ಚ ಎಂಬ ಮರದ ಹಾಲಿನಿಂದ ಮಾಡಿದ ಚೆಂಡು ಬಂದಿತು. ಆ ಮರ ಬೆಳೆಯುವುದು ಮಲಯ ದೇಶದ ಕಾಡುಗಳಲ್ಲಿ. ಸೇಂಟ್ ಆಂಡ್ರೂಸ್ ಊರಿನ ಪ್ಯಾಟರ್ಸನ್ ಎಂಬುವರ ಮನೆಗೆ ಪೂರ್ವದೇಶದಿಂದ ವಿಷ್ಣುವಿನ ವಿಗ್ರಹವೊಂದು ಬಂದಿತೆಂದೂ, ಅದು ಒಡೆಯದಂತೆ ಸುತ್ತಲೂ ತುಂಬಿದ್ದ ಗಟಾಪರ್ಚವನ್ನು ಕಾಯಿಸಿ ಉಂಡೆ ಕಟ್ಟಿದಾಗ ಹೊಸ ಚೆಂಡು ಹುಟ್ಟಿತೆಂದೂ ಅಲ್ಲಿಯವರು ಕಥೆ ಹೇಳುತ್ತಾರೆ. ಕಥೆಯೆಂದೇ ಇಟ್ಟುಕೊಳ್ಳೋಣ. ಪೂರ್ವದೇಶದ ಹಡಗು ಬಾರದಿದ್ದರೆ ಆ ಚೆಂಡೂ ಇರುತ್ತಿರಲಿಲ್ಲ ಎಂಬುದಂತೂ ನಿಜ.

ಚೆಂಡಿನ ಸಾಮಗ್ರಿ ಪಡುವಣಕ್ಕೆ ಹೋದ ಹಾದಿಯಲ್ಲಿಯೇ ಆಟ ಮೂಡಣಕ್ಕೆ ಬಂದಿತು. 1829ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದು. ನಮ್ಮ ಬೆಂಗಳೂರಿನ ಗಾಲ್ಫ್ ಕ್ಲಬ್ಬು ಆರಂಭವಾದದ್ದು 1876ರಲ್ಲಿ. ಅದೇ ವರ್ಷ ಸ್ಕಾಟ್ಲೆಂಡಿನ ಪಶ್ಚಿಮದ ತುದಿಯಲ್ಲಿ ಮಕ್ರಿಹಾನಿಶ್ ಎಂಬ ಹಳ್ಳಿಯಲ್ಲಿಯೂ ಒಂದು ಕ್ಲಬ್ಬು ಹುಟ್ಟಿತು. ಅಲ್ಲಿಗೆ ರೈಲು ಹೋಗುವಂತಿರಲಿಲ್ಲ. ಆಟಗಾರರು ಹೊಗೆಹಡಗಿನಲ್ಲಿ ಕ್ಯಾಂಬೆಲ್‌ಟೌನ್ ಬಂದರಿಗೆ ಬಂದು ಅಲ್ಲಿಂದ ಕುದುರೆಗಾಡಿ ಹಿಡಿಯುತ್ತಿದ್ದರು. 1901ರಲ್ಲಿ ಆ ಹಾದಿಗೆ ‘ಕಿಂಗ್ ಎಡ್ವರ್ಡ್’ ಎಂಬ ಹಡಗು ಬಂದಿತು. ಉಗಿಯ ಟರ್ಬೈನಿನಿಂದ ನಡೆದ ಜಗತ್ತಿನ ಮೊದಲ ಪ್ರಯಾಣಿಕರ ಹಡಗು ಅದೇ. 1906ರಲ್ಲಿ ಬಂದರಿನಿಂದ ಹಳ್ಳಿಗೆ ಒಂದು ಪುಟ್ಟ ರೈಲೂ ಓಡತೊಡಗಿತು, 1932ರವರೆಗೆ ಓಡಿತು. ಹಡಗಿನಲ್ಲಿ ಹೋಗಿ ಗಾಲ್ಫ್ ಆಡಿ ಬರುವ ವಿಹಾರಕ್ಕೆ ಮೂಲ ಹುಡುಕುವುದಾದರೆ ನಾನು ಈ ಊರನ್ನೇ ತೋರಿಸುವೆ. ಅಟ್ಲಾಂಟಿಕ್ ದಾಟಿದ ದೊಡ್ಡ ಯಾತ್ರೆಗಳು ತರುವಾಯದವು. 1927ರಲ್ಲಿ ಮೊದಲ ರೈಡರ್ ಕಪ್ಪಿಗಾಗಿ ಬ್ರಿಟಿಷ್ ಆಟಗಾರರು ‘ಅಕ್ವಿಟೇನಿಯಾ’ ಹಡಗಿನಲ್ಲಿ ಅಮೆರಿಕೆಗೆ ಹೋಗಿ, ಒಂಬತ್ತೂವರೆಗೆ ಎರಡೂವರೆಯಂತೆ ಸೋತು ಬಂದರು.

ಆಡದ ಜೊತೆಗಾರರ ಇತಿಹಾಸವನ್ನು ಮಾತ್ರ ಯಾರೂ ಕ್ರಮವಾಗಿ ಬರೆದಂತಿಲ್ಲ. ಅದು ಬಹುಮಟ್ಟಿಗೆ ಹೆಂಗಸರ ಇತಿಹಾಸ. ಸೇಂಟ್ ಆಂಡ್ರೂಸಿನಲ್ಲಿ ಗಂಡಸರು ಆಡುತ್ತಿದ್ದಾಗ ಅವರ ಹೆಂಡಿರು, ಹೆಣ್ಣುಮಕ್ಕಳು ದಂಡೆಯಲ್ಲಿ ಕಾಯುತ್ತಿದ್ದರು. ಕೋಲನ್ನು ಹೆಗಲಿಗಿಂತ ಮೇಲೆತ್ತಿ ಬೀಸುವುದು ಸ್ತ್ರೀಯರಿಗೆ ಸಲ್ಲದು ಎಂಬುದು ಆ ಕಾಲದ ಮರ್ಯಾದೆ. 1867ರಲ್ಲಿ ಅವರಿಗಾಗಿ ಒಂದು ಸಂಘವಾಯಿತು. ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಹಾಕುವ ಭಾಗವನ್ನಷ್ಟೇ ಆಡಲು ಏರುತಗ್ಗಿನ ಒಂದು ಹುಲ್ಲುಹಾಸು ದೊರೆಯಿತು. ಆ ದಿಬ್ಬಗಳಿಗೆ ಬಂದಿರುವ ಹೆಸರು ‘ಹಿಮಾಲಯ’! ಇಂದಿಗೂ ಅದೇ ಹೆಸರು, ಅದೇ ಸಂಘ. ಸಂಘದವರು ಆಡದ ಹೊತ್ತಿನಲ್ಲಿ ದಾರಿಹೋಕರೂ ಪುಡಿಗಾಸು ಕೊಟ್ಟು ಆಡಬಹುದು. ನನ್ನ ಮಗಳು ಆಡಿ ಬಂದಳು. ಪಕ್ಕದಲ್ಲಿಯೇ ಇರುವ ಗಂಡಸರ ಹಿರಿಯ ಕ್ಲಬ್ಬು ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ತೀರ್ಮಾನಿಸಿದ್ದು 2014ರಲ್ಲಿ. ಎರಡು ತೀರ್ಮಾನಗಳ ನಡುವೆ ನೂರನಲವತ್ತೇಳು ವರ್ಷ.

ಅಲ್ಲಿಯ ಒಂದು ಕ್ರಮ ನನಗೆ ಬಹಳ ಮೆಚ್ಚಿಗೆಯಾಯಿತು. ಸೇಂಟ್ ಆಂಡ್ರೂಸಿನ ಹಳೆಯ ಮೈದಾನ ಊರವರ ನೆಲ. 1552ರ ಶಾಸನವೊಂದು ಅಲ್ಲಿ ಗಾಲ್ಫ್ ಆಡುವ ಹಕ್ಕನ್ನು ಊರಿನ ಜನಕ್ಕೆ ಕೊಟ್ಟಿದೆ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿಲ್ಲ, ಯಾರು ಬೇಕಾದರೂ ನಡೆದಾಡಬಹುದು. ಅಷ್ಟೇಕೆ, 2003ರ ಭೂಸುಧಾರಣಾ ಕಾಯಿದೆಯ ಪ್ರಕಾರ ಸ್ಕಾಟ್ಲೆಂಡಿನ ಯಾವ ಗಾಲ್ಫ್ ಮೈದಾನವನ್ನಾದರೂ, ಕುಳಿಯ ಸುತ್ತಲ ನುಣ್ಣನೆಯ ಹುಲ್ಲನ್ನು ತುಳಿಯದೆ, ಆಟಕ್ಕೆ ಅಡ್ಡಿಯಾಗದೆ ದಾಟಿಹೋಗುವ ಹಕ್ಕು ಎಲ್ಲರಿಗೂ ಇದೆ. ನಮ್ಮಲ್ಲಿ ಈ ಆಟ ಬಂದದ್ದೇ ಬೇಲಿಯೊಂದಿಗೆ. ಬೆಂಗಳೂರಿನಲ್ಲಿ ಎಷ್ಟು ಸಲ ಆ ಬೇಲಿಯ ಪಕ್ಕದಲ್ಲಿ ಬಸ್ಸಿನಲ್ಲಿ ಹೋಗಿದ್ದೇನೆ. ಒಳಗೆ ಕಾಲಿಡಬಹುದೆಂಬ ಯೋಚನೆಯೇ ಬಂದದ್ದಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಬಂದರಿಗೆ ಬರುತ್ತೇನೆ. ಸ್ಕಾಟ್ಲೆಂಡಿನ ಈಶಾನ್ಯದಲ್ಲಿ, ಕ್ರೋಮಾರ್ಟಿ ಎಂಬ ಕಡಲಚಾಚಿನೊಳಗೆ ಇನ್ವರ್‌ಗಾರ್ಡನ್ ಇದೆ. ಆಳವಾದ ನೀರು, ಸುತ್ತ ಗುಡ್ಡಗಳು; ಹಿಂದೆ ಯುದ್ಧನೌಕೆಗಳ ನೆಲೆ. 1931ರ ಸೆಪ್ಟೆಂಬರಿನಲ್ಲಿ ಸಂಬಳ ಕಡಿತದ ವಿರುದ್ಧ ಬ್ರಿಟಿಷ್ ನಾವಿಕರು ಕೆಲಸ ನಿಲ್ಲಿಸಿದ್ದು ಇಲ್ಲಿಯೇ. ಆಟಗಾರರೆಲ್ಲ ಡಾರ್ನಾಕ್ ಎಂಬ ಊರಿನ ಮೈದಾನಕ್ಕೆ ಹೊರಟರು. ನಾನು ಮೇಲಟ್ಟದಲ್ಲಿ ಕಾಫಿ ಹಿಡಿದು ನಿಂತಿದ್ದೆ. ಪಶ್ಚಿಮದ ಬೆಟ್ಟದ ನೆತ್ತಿಯಲ್ಲಿ ಒಂದು ವಿಚಿತ್ರ ಆಕೃತಿ ಕಾಣಿಸಿತು. ಮನೆಯಲ್ಲ, ಕೋಟೆಯೂ ಅಲ್ಲ. ಆಕಾಶಕ್ಕೆ ತೆರೆದ ಬಾಗಿಲಿನಂತೆ ಕಮಾನುಗಳು. ವಿಚಾರಿಸಿದಾಗ ಹಡಗಿನ ಸಿಬ್ಬಂದಿಯೊಬ್ಬರು, ‘ಅದು ನಿಮ್ಮ ಇಂಡಿಯಾದ ಬಾಗಿಲು’ ಎಂದರು.

ಅದು ಫೈರಿಶ್ ಸ್ಮಾರಕ. 453 ಮೀಟರ್ ಎತ್ತರದ ಬೆಟ್ಟದ ಮೇಲೆ 1782ರಲ್ಲಿ ಅದನ್ನು ಕಟ್ಟಿಸಿದವನು ಆ ಸೀಮೆಯ ಒಡೆಯ ಸರ್ ಹೆಕ್ಟರ್ ಮನ್ರೋ. (ಮಂತ್ರಾಲಯದ ಕಥೆಯಲ್ಲಿ ಬರುವ ಥಾಮಸ್ ಮನ್ರೋ ಬೇರೆ.) ಹಿಂದಿನ ವರ್ಷ, 1781ರ ನವೆಂಬರಿನಲ್ಲಿ, ಅವನು ಡಚ್ಚರಿಂದ ನಾಗಪಟ್ಟಣವನ್ನು ಗೆದ್ದಿದ್ದ. ಬೆಟ್ಟದ ಮೇಲಿನ ಕಮಾನುಗಳು ನಾಗಪಟ್ಟಣದ ಕೋಟೆಬಾಗಿಲಿನ ಪ್ರತಿಕೃತಿಯೆಂದು ಹೇಳಲಾಗುತ್ತದೆ. ಊರವರಿಗೆ ಕೂಲಿ ಒದಗಿಸಲೆಂದು ಕಟ್ಟಿಸಿದನೆಂದೂ, ಕೆಲಸ ಬೇಗ ಮುಗಿಯಬಾರದೆಂದು ಹೊತ್ತು ತಂದ ಕಲ್ಲುಗಳನ್ನು ತಾನೇ ಕೆಳಗೆ ಉರುಳಿಸುತ್ತಿದ್ದನೆಂದೂ ಪ್ರತೀತಿ.

ಹೆಕ್ಟರ್ ಮನ್ರೋ! ಈ ಹೆಸರನ್ನು ನನ್ನ ವಿದ್ಯಾರ್ಥಿಗಳು ಕೇಳಿದ್ದಾರೆ. 1764ರಲ್ಲಿ ಬಕ್ಸಾರಿನಲ್ಲಿ ಗೆದ್ದ ಸೇನಾಪತಿ ಅವನೇ. ಆದರೆ ನಮಗೆ ಅವನು ಹತ್ತಿರದವನಾಗುವುದು 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರಿನ ಕದನದಿಂದ. ಮನ್ರೋ ದೊಡ್ಡ ಸೇನೆಯೊಡನೆ ಕಂಚಿಯಲ್ಲಿದ್ದ. ಅವನನ್ನು ಕೂಡಿಕೊಳ್ಳಲು ಬರುತ್ತಿದ್ದ ಕರ್ನಲ್ ಬೈಲಿಯ ದಳವನ್ನು ಕೆಲವೇ ಮೈಲಿಗಳ ದೂರದಲ್ಲಿ ಟಿಪ್ಪುವೂ ಹೈದರಾಲಿಯೂ ಸುತ್ತುವರಿದು ನಾಶಮಾಡಿದರು. ಮನ್ರೋ ಸಮಯಕ್ಕೆ ಹೋಗಲಿಲ್ಲ. ಸುದ್ದಿ ತಿಳಿದ ಮೇಲೆ ಭಾರವಾದ ಫಿರಂಗಿಗಳನ್ನು ಕಂಚಿಯ ಕೊಳಕ್ಕೆ ನೂಕಿ ಮದರಾಸಿಗೆ ಹಿಮ್ಮೆಟ್ಟಿದ. ಸೆರೆಸಿಕ್ಕ ಬೈಲಿಯನ್ನು ಶ್ರೀರಂಗಪಟ್ಟಣಕ್ಕೆ ತಂದರು. ಅಲ್ಲಿಯೇ 1782ರ ನವೆಂಬರಿನಲ್ಲಿ ಅವನು ತೀರಿಕೊಂಡ.

ಶೈಕ್ಷಣಿಕ ಪ್ರವಾಸಗಳಲ್ಲಿ ನಾವು ಎಷ್ಟು ಬಾರಿ ಆ ಮೆಟ್ಟಿಲುಗಳನ್ನು ಇಳಿದಿಲ್ಲ! ರಂಗನಾಥನ ದರ್ಶನ, ಕಾವೇರಿಯ ದಡದಲ್ಲಿ ಪುಳಿಯೋಗರೆ, ಆಮೇಲೆ ‘ಕರ್ನಲ್ ಬೈಲಿ ಡಂಜನ್’. ಸುಣ್ಣ ಬಳಿದ ಆ ಕಮಾನುಗಳ ನಡುವೆ ಹುಡುಗರು ಗೋಡೆಯ ಕಲ್ಲುಗಳಿಗೆ ಕೈಯೊಡ್ಡಿ ಸೆರೆಯಾಳುಗಳಂತೆ ನಿಲ್ಲುತ್ತಿದ್ದರು. ದರಿಯಾ ದೌಲತ್ತಿನ ಗೋಡೆಯಲ್ಲಿ ಪಲ್ಲಕ್ಕಿಯೊಳಗೆ ಕುಳಿತ ಬೈಲಿಯನ್ನು ನಿಮಗೆ ಬೆರಳು ಮಾಡಿ ತೋರಿಸುತ್ತಿದ್ದೆ. ಆ ಬೈಲಿಯ ಮನೆತನ ಇದೇ ಸೀಮೆಯ ಇನ್ವರ್ನೆಸ್ ಪಟ್ಟಣದ ಬಳಿಯ ಡುನೈನಿನದು. ರಕ್ಷಿಸಬೇಕಾಗಿದ್ದವನೂ ರಕ್ಷಣೆ ಸಿಗದೆ ಸೆರೆಯಾದವನೂ ನೆರೆಹೊರೆಯವರು. ಬೈಲಿ ಶ್ರೀರಂಗಪಟ್ಟಣದಲ್ಲಿ ಕೊನೆಯುಸಿರೆಳೆದ ವರ್ಷವೇ ಮನ್ರೋ ತನ್ನ ಊರಿನ ಬೆಟ್ಟದ ಮೇಲೆ ಗೆಲುವಿನ ಬಾಗಿಲು ಕಟ್ಟಿಸಿದ. ಪೊಳ್ಳಿಲೂರಿಗೆ ಅಲ್ಲಿ ಯಾವ ಕಲ್ಲೂ ಇಲ್ಲ. ಸ್ಮಾರಕಗಳನ್ನು ನೋಡುವಾಗ ಅವು ಏನನ್ನು ಹೇಳುತ್ತಿಲ್ಲ ಎಂಬುದನ್ನೂ ಕೇಳಬೇಕೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದೆ.

ಮಗಳು ಬಾಡಿಗೆ ಕಾರು ಮಾಡಿಕೊಂಡು ಹೋಗಿ ಬೆಟ್ಟ ಹತ್ತಿದಳು. ನಾನು ಮಂಡಿನೋವಿನ ಮನುಷ್ಯ, ಬುಡದಲ್ಲಿ ಪೈನ್ ಮರಗಳ ಕೆಳಗೆ ಕುಳಿತು ಆ ಕಣಿವೆಗಳ ಚರಿತ್ರೆ ಓದಿದೆ. 1792ನ್ನು ಅಲ್ಲಿಯ ಗೇಲಿಕ್ ಜನ ‘ಕುರಿಗಳ ವರ್ಷ’ ಎಂದು ಕರೆಯುತ್ತಾರೆ. ಭೂಮಾಲಿಕರು ಕುರಿ ಸಾಕುವ ಹೊರಗಿನ ಗುತ್ತಿಗೆದಾರರಿಗೆ ಕಣಿವೆಗಳನ್ನು ಕೊಡತೊಡಗಿದ್ದರು. ಮನ್ರೋ ಒಡೆತನದ ಭೂಮಿಯೂ ಅವುಗಳಲ್ಲಿ ಸೇರಿತ್ತು. ದನಗಳ ಮೇವು ಕಳೆದುಕೊಂಡ ರೈತರು ಆ ಬೇಸಿಗೆಯಲ್ಲಿ ಸಾವಿರಾರು ಕುರಿಗಳನ್ನು ಒಟ್ಟುಗೂಡಿಸಿ ಸೀಮೆಯಾಚೆಗೆ ಅಟ್ಟಲು ಹೊರಟರು. ಸೈನ್ಯ ಬಂದು ಚದುರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಮನ್ರೋನ ಮಗನನ್ನು ಹುಲಿ ಹೊತ್ತೊಯ್ದಿತು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಮರದ ಹುಲಿಗೂ ಈ ಘಟನೆಗೂ ಸಂಬಂಧ ಕಲ್ಪಿಸುವವರು ಹಲವರಿದ್ದಾರೆ. ನನಗಾದರೋ ಆ ಹುಲಿಗಿಂತ ಆ ಕುರಿಗಳೇ ಹೆಚ್ಚು ವಿಚಾರಕ್ಕೆ ಹಚ್ಚಿದವು. ಬರಗಾಲದಲ್ಲಿ ಕೂಲಿ ಕೊಟ್ಟವನು ಹತ್ತು ವರ್ಷದಲ್ಲಿ ಅವರ ಹುಲ್ಲುಗಾವಲನ್ನು ಕುರಿಗಳಿಗೆ ಕೊಟ್ಟ. ಎರಡೂ ಒಬ್ಬನೇ ಮನುಷ್ಯನ ಕೆಲಸ, ಮತ್ತು ಎರಡರಲ್ಲಿಯೂ ರೈತನನ್ನು ಕೇಳಿದವರಿಲ್ಲ.

ಮಧ್ಯಾಹ್ನ ನಾವೂ ಡಾರ್ನಾಕ್ ತಲಪಿದೆವು. ಅಲ್ಲಿ ಶಾಲಾಮೇಷ್ಟ್ರನ್ನು ಸಂತೋಷಪಡಿಸುವ ದಾಖಲೆಯೊಂದಿದೆ. ಸದರ್ಲೆಂಡಿನ ಅರ್ಲ್ ಮನೆತನದ ಬಾಲಕನೊಬ್ಬ ಆ ಊರಿನ ಶಾಲೆಯಲ್ಲಿ ಓದುತ್ತಿದ್ದಾಗಿನ 1616ರ ಖರ್ಚಿನ ಲೆಕ್ಕದಲ್ಲಿ ಬಿಲ್ಲು ಬಾಣಗಳ ಜೊತೆಗೆ ಗಾಲ್ಫಿನ ಕೋಲು ಮತ್ತು ಚೆಂಡುಗಳ ವೆಚ್ಚ ನಮೂದಾಗಿದೆ. ಹುಡುಗನಿಗೆ ಆಗ ಏಳೇ ವರ್ಷ! ಅಮೆರಿಕದಲ್ಲಿ ನೂರಾರು ಮೈದಾನಗಳನ್ನು ರೂಪಿಸಿದ ಡೊನಾಲ್ಡ್ ರಾಸ್ ಹುಟ್ಟಿದ್ದೂ ಇಲ್ಲಿ, 1872ರಲ್ಲಿ; 1899ರಲ್ಲಿ ಕಡಲು ದಾಟಿದ. ಅಳಿಯ ಆಟ ಮುಗಿಸಿ ಅದೇ ರಾಸ್‌ನ ವಿಷಯವನ್ನು ಉತ್ಸಾಹದಿಂದ ಹೇಳುತ್ತಿದ್ದ. ಆ ಮೈದಾನ ನಿಜಕ್ಕೂ ಸುಂದರ. ಒಂದು ಕಡೆ ಬಿಳಿ ಮರಳಿನ ದಂಡೆ, ಇನ್ನೊಂದು ಕಡೆ ಹಳದಿ ಹೂ ಬಿಡುವ ಮುಳ್ಳಿನ ಪೊದೆಗಳು.

ಆ ಊರಿನ ಚರ್ಚಿನಲ್ಲಿಯೇ ಸದರ್ಲೆಂಡಿನ ಮೊದಲ ಡ್ಯೂಕನ ಸಮಾಧಿಯಿದೆ. ಅವನ ಮತ್ತು ಅವನ ಪತ್ನಿಯ ಎಸ್ಟೇಟಿನಿಂದ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಾವಿರಾರು ಜನರನ್ನು ಒಕ್ಕಲೆಬ್ಬಿಸಲಾಯಿತು. 1813ರಲ್ಲಿ ಕಿಲ್ಡೋನನ್ ಕಣಿವೆಯವರು ಹಡಗು ಹತ್ತಿ ಕೆನಡಾಕ್ಕೆ ಹೋದರು. ಹೆಲ್ಮ್ಸ್‌ಡೇಲ್ ಎಂಬಲ್ಲಿ ಅವರ ನೆನಪಿಗೆ ಒಂದು ಕುಟುಂಬದ ಕಂಚಿನ ಪ್ರತಿಮೆಯನ್ನು 2007ರಲ್ಲಿ ನಿಲ್ಲಿಸಿದ್ದಾರೆ: ಗಂಡಸು ಮುಂದೆ ನೋಡುತ್ತಾನೆ, ಕೂಸನ್ನೆತ್ತಿಕೊಂಡ ಹೆಂಗಸು ತಿರುಗಿ ಕಣಿವೆಯತ್ತ ನೋಡುತ್ತಾಳೆ. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯ ಮನೆಗಳಿಗೆ ಬೆಂಕಿಯಿಟ್ಟ ಆರೋಪ ಹೊತ್ತ ಎಸ್ಟೇಟಿನ ಅಧಿಕಾರಿ ಪ್ಯಾಟ್ರಿಕ್ ಸೆಲ್ಲರ್ ಎಂಬುವನ ವಿಚಾರಣೆ ಇನ್ವರ್ನೆಸ್ಸಿನಲ್ಲಿ 1816ರ ಏಪ್ರಿಲ್‌ನಲ್ಲಿ ನಡೆದು, ಅವನು ನಿರ್ದೋಷಿಯೆಂದು ತೀರ್ಪಾಯಿತು.

1816 ಎಂದೊಡನೆ ನನಗೆ ಗುಂಬಜಿನ ಬಳಿಯ ಕಲ್ಲಿನ ಮಂಟಪ ನೆನಪಾಯಿತು. ಕರ್ನಲ್ ಬೈಲಿಯ ಸ್ಮಾರಕವನ್ನು ಅವನ ಅಣ್ಣತಮ್ಮಂದಿರ ಮಗ, ಲಖನೌದಲ್ಲಿ ರೆಸಿಡೆಂಟನಾಗಿದ್ದ ಜಾನ್ ಬೈಲಿ, ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದ್ದು ಅದೇ ವರ್ಷ. ಗುಂಬಜಿಗೆ ಹೋಗುವವರು ಸಾಮಾನ್ಯವಾಗಿ ಅದನ್ನು ನೋಡದೆಯೇ ದಾಟಿಹೋಗುತ್ತಾರೆ. ಮಗಳು ಬೆಟ್ಟದ ಮೇಲಿನಿಂದ ತೆಗೆದ ಚಿತ್ರದಲ್ಲಿ ನಾಗಪಟ್ಟಣದ ಬಾಗಿಲಿನ ಕಮಾನಿನೊಳಗಿಂದ ಕೆಳಗೆ ಕಡಲಚಾಚು, ಅದರಲ್ಲಿ ನಮ್ಮ ಬಿಳಿಯ ಹಡಗು ಚಿಕ್ಕದಾಗಿ ಕಾಣುತ್ತದೆ.